ಅಚ್ಚಾದದ್ದೆಲ್ಲ ಆಧಾರವೇ?

ತಮ್ಮ ಊರಿನ ಚರಿತ್ರೆಯನ್ನು ಬರೆಯಲು ಹೊರಟವರಲ್ಲಿ ಅನೇಕರು ಮೊದಲು ಕೈಗೆತ್ತಿಕೊಳ್ಳುವುದು ಯಾವುದೋ ಜಾತ್ರೆಯ ಸ್ಮರಣ ಸಂಚಿಕೆಯನ್ನು. ಅದರಲ್ಲಿರುವ ಇಸವಿಯನ್ನು ಎತ್ತಿ ಬರೆಯುತ್ತಾರೆ. ಮುಂದಿನ ಸಂಚಿಕೆಯವರು ಇವರದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಐದು ಪುಸ್ತಕಗಳು ಒಂದೇ ಮಾತನ್ನು ಹೇಳಿದೊಡನೆ ಐದು ಸಾಕ್ಷಿಗಳು ದೊರೆತುವೆಂದು ವಾಚಕರು ಭ್ರಮಿಸಬಾರದು. ಸಾಕ್ಷಿ ಒಂದೇ, ಕೆಲವು ವೇಳೆ ಅದೂ ಇರುವುದಿಲ್ಲ.

ದುರ್ಗದ ಸೀಮೆಗೆ ಆಧಾರಗಳ ಬಡತನವಿಲ್ಲ. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ಹಿರಿಯೂರು, ಹೊಳಲ್ಕೆರೆಯವರಿಗೆ ಹುಡುಕುವುದು ಸುಲಭ. ಹೊಸದುರ್ಗದ ಗಡಿಯ ಊರಿನವರು 12ನೆಯ, ಅಂದರೆ ತುಮಕೂರಿನ ಸಂಪುಟವನ್ನೂ ನೋಡುವುದು ಲೇಸು; ಎಲ್ಲೆಗಳು ಅಂದಿನಂತೆ ಇಂದಿಲ್ಲ. 1997ರವರೆಗೆ ದಾವಣಗೆರೆಯೂ ಈ ಜಿಲ್ಲೆಯಲ್ಲಿಯೇ ಇದ್ದಿತಷ್ಟೆ. ರೈಸರದೇ ಆದ ಮೈಸೂರು ಗ್ಯಾಸೆಟಿಯರ್ (1877, ಪರಿಷ್ಕೃತ 1897) ಬೇರೆ ಜಾತಿಯದು: ಶಾಸನ, ಸರ್ಕಾರಿ ವರದಿ, ಸ್ಥಳೀಯ ಐತಿಹ್ಯಗಳನ್ನು ಕೂಡಿಸಿ ಬರೆದದ್ದು. ಅದು ದಾರಿ ತೋರಿಸಬಲ್ಲದು, ಸಾಕ್ಷಿ ನುಡಿಯಲಾರದು.

ಶಾಸನವೆಂದ ಮಾತ್ರಕ್ಕೆ ವಿಚಾರ ಮುಗಿಯಿತೆಂದೂ ಅಲ್ಲ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವನ್ನೇ ನೋಡಿರಿ. ಮೈಸೂರು ಪುರಾತತ್ತ್ವ ಇಲಾಖೆಯ 1929ರ ವರದಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದರು. ಮಯೂರಶರ್ಮನು ಕೆರೆಯನ್ನು ಮಾಡಿಸಿದನೆಂದೂ, ಪಲ್ಲವ, ಆಭೀರ, ಶಕಸ್ಥಾನ ಮೊದಲಾದವನ್ನು ಗೆದ್ದನೆಂದೂ ಅವರು ಓದಿದರು. ಬಂಡೆ ಸವೆದದ್ದು. ಆ ದಿಗ್ವಿಜಯದ ಪಟ್ಟಿಯನ್ನು ಅನಂತರದ ವಿದ್ವಾಂಸರು ಸಂದೇಹಿಸಿದರು. ಚಿತ್ರದುರ್ಗದ ಸಂಶೋಧಕರಾದ ಡಾ. ಬಿ. ರಾಜಶೇಖರಪ್ಪನವರು ಶಾಸನವನ್ನು ಮತ್ತೆ ಪರಿಶೀಲಿಸಿ ಬೇರೆ ಪಾಠವನ್ನು ಕೊಟ್ಟರು. ಕಲ್ಲು ಒಂದು, ಅಚ್ಚಾದ ಪಾಠಗಳು ಹಲವು. ಆದುದರಿಂದ ‘ಶಾಸನದಲ್ಲಿದೆ’ ಎಂದಷ್ಟೇ ಬರೆದರೆ ಸಾಲದು. ಯಾರ ಓದು, ಯಾವ ವರ್ಷದ್ದು ಎಂಬುದನ್ನು ಹೇಳಲೇಬೇಕು. ಪಠ್ಯಪುಸ್ತಕ ಬರೆಯುವವರಿಗೂ ಈ ಮಾತು ಸಲ್ಲುತ್ತದೆ!

ಪಾಳೆಯಗಾರರ ವಿಷಯಕ್ಕೆ ಬಂದರೆ ತೊಡಕು ಹೆಚ್ಚು. ಎಂ. ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳಯಗಾರರು’ ಪ್ರಕಟವಾದದ್ದು 1924ರಲ್ಲಿ; ಹೈದರನು ದುರ್ಗವನ್ನು ಹಿಡಿದದ್ದು 1779ರಲ್ಲಿ. ನಡುವಿನ ಅಂತರವನ್ನು ತುಂಬುವುದು ಬಖೈರು, ಕೈಫಿಯತ್ತು, ಬಾಯಿಮಾತು. ಮೆಕೆಂಜಿಯ ಕಾಲದಲ್ಲಿ ಸಂಗ್ರಹವಾದ ಕೈಫಿಯತ್ತುಗಳು, ಊರವರು ತಮ್ಮ ಹಿಂದಿನವರ ವಿಷಯದಲ್ಲಿ ಏನು ನಂಬಿದ್ದರೆಂಬುದಕ್ಕೆ ಉತ್ತಮ ಆಧಾರ. ಮುನ್ನೂರು ವರ್ಷ ಹಿಂದಿನ ಯುದ್ಧದ ತಾರೀಖಿಗೆ ಅಲ್ಲ.

ತ. ರಾ. ಸು. ಅವರ ‘ದುರ್ಗಾಸ್ತಮಾನ’ವನ್ನು ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸುವವರನ್ನೂ ಕಂಡಿದ್ದೇನೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯ ಮೇಲೆ ನನಗಿರುವ ಗೌರವ ಅಪಾರ. ಆದರೆ ಪ್ರಶಸ್ತಿ ಸಂದದ್ದು ಕಾದಂಬರಿಗೆ, ದಾಖಲೆಗಲ್ಲ. ಓಬವ್ವನ ಒನಕೆಯನ್ನು ಇಂದು ನಾವು ಕಣ್ಮುಂದೆ ಕಾಣುವ ಬಗೆಯನ್ನು ಬಹುಮಟ್ಟಿಗೆ ರೂಪಿಸಿದ್ದು 1972ರ ‘ನಾಗರಹಾವು’ ಚಲನಚಿತ್ರ. ಆ ವೀರವನಿತೆಯ ಕಥೆ ಬರೆಯುವವರು ಐತಿಹ್ಯದ ಮಾತೆಷ್ಟು, ಚಿತ್ರದ ದೃಶ್ಯವೆಷ್ಟು ಎಂಬುದನ್ನು ಮೊದಲು ಬೇರೆ ಬೇರೆ ಹಾಳೆಗಳಲ್ಲಿ ಬರೆದುಕೊಳ್ಳಲಿ.