ಇಂಚು, ಸೆಂಟ್ಸ್ ಲೆಕ್ಕದ ಮಳೆ: ಬೇಸಿಗೆ ಮುನ್ಸೂಚನೆ ಅಡ್ಡಗದ್ದೆಗೆ ಬಂದ ದಾರಿ

ಒಂದು ಬೇಸಿಗೆಯಲ್ಲಿ ನಾವು 'ಜಿಲ್ಲೆಯಲ್ಲಿ ಉತ್ತಮ ಮಳೆ' ಎಂದು ಸುದ್ದಿ ಕಳಿಸಿದ್ದೆವು. ಮರುದಿನ ಬೆಳಿಗ್ಗೆ ಅಡ್ಡಗದ್ದೆ ಕಡೆಯಿಂದ ಓದುಗರೊಬ್ಬರ ಫೋನ್ ಬಂತು. "ಯಾವ ಜಿಲ್ಲೆ ಮಾರಾಯ್ರೇ ಅದು? ನಮ್ಮಲ್ಲಿ ಬರೀ ಗುಡುಗಿದ್ದು. ಕಾಫಿ ಮೊಗ್ಗು ಒಣಗ್ತಾ ಇದೆ" ಎಂದರು. ವಿಚಾರಿಸಿದರೆ, ಗುಡ್ಡದ ಆಚೆ ಬದಿಯ ತೋಟಕ್ಕೆ ಒಂದೂಕಾಲು ಇಂಚು ಬಿದ್ದಿತ್ತು. ಇವರ ಅಂಗಳ ಮಾತ್ರ ನೆನೆದಿರಲಿಲ್ಲ. ನಾವು ಬರೆದದ್ದು ಸುಳ್ಳಲ್ಲ, ಅವರು ಹೇಳಿದ್ದೂ ಸುಳ್ಳಲ್ಲ.

ಈಗ ಮತ್ತೆ ಸೆಕೆ ಏರುತ್ತಿದೆ. 'ಬಿಸಿಲಿನ ಧಗೆ, ಸಂಜೆ ಗುಡುಗು ಸಹಿತ ಮಳೆ' ಎಂಬ ಸಂದೇಶಗಳು ಮೊಬೈಲಿಗೆ ಬರುತ್ತಿವೆ. ಅವನ್ನು ಎಷ್ಟು ನಂಬಬೇಕು, ಯಾವುದಕ್ಕೆ ಬಳಸಬೇಕು? ಇದು ತಿಳಿಯಬೇಕಾದರೆ ಮುನ್ಸೂಚನೆ ನಮ್ಮೂರಿಗೆ ಬಂದ ದಾರಿಯನ್ನು ಒಮ್ಮೆ ನೋಡಬೇಕು.

ನಕ್ಷತ್ರದ ಲೆಕ್ಕ

ನಮ್ಮ ತಾಲ್ಲೂಕಿನ ಹೆಸರೇ ಮಳೆಯ ಕಥೆಯಿಂದ ಬಂದದ್ದು ಎನ್ನುತ್ತಾರೆ. ಬರದಿಂದ ಬಳಲಿದ ಅಂಗದೇಶಕ್ಕೆ ಮಳೆ ತಂದ ಋಷ್ಯಶೃಂಗನ ಗಿರಿಯೇ ಶೃಂಗೇರಿ. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬೇಕೆಂದೂ ಹರಕೆ ಹೊರುತ್ತಾರೆ, ಅತಿಯಾದರೆ ಸಾಕೆಂದೂ ಬೇಡುತ್ತಾರೆ.

ದಿನದ ಕೆಲಸಕ್ಕೆ ಹಿರಿಯರು ನಂಬಿದ್ದು ಪಂಚಾಂಗದ ಮಳೆ ನಕ್ಷತ್ರಗಳನ್ನು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕಾ, ನಂತರ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆ ಇಂದಿಗೂ ಬಾಯಲ್ಲಿದೆ.

'ನಕ್ಷತ್ರವೇ ತಪ್ಪಿಹೋಗಿದೆ, ಅದಕ್ಕೇ ಮಳೆ ಹಿಂದೆ ಮುಂದೆ ಆಗುತ್ತಿದೆ' ಎಂದು ಕೆಲವರು ಹೇಳುವುದುಂಟು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಈ ದಿನಾಂಕಗಳು ಋತುವಿನಿಂದ ಸರಿಯುವುದು ನಿಜ. ಆದರೆ ಸರಿಯುವುದು ಸುಮಾರು 72 ವರ್ಷಕ್ಕೆ ಒಂದು ದಿನ ಮಾತ್ರ. ಅಜ್ಜನ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದಿನದ ವ್ಯತ್ಯಾಸ. ಮಳೆ ಹದ ತಪ್ಪಿದ್ದಕ್ಕೆ ನಕ್ಷತ್ರವನ್ನು ದೂರುವಂತಿಲ್ಲ.

ಬರದಿಂದ ಹುಟ್ಟಿದ ಇಲಾಖೆ

ಮಳೆ ಅಳೆಯುವುದು ನಮ್ಮಲ್ಲಿ ಹೊಸದಲ್ಲ. ಉಗ್ರಾಣದ ಬಳಿ ಮೊಳದಗಲ ಬಾಯಿಯ ಪಾತ್ರೆಯಿಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವೇ ಹೇಳುತ್ತದೆ. ಇಡೀ ದೇಶದ ಅಳತೆಯನ್ನು ಒಂದೆಡೆ ಸೇರಿಸುವ ಕೆಲಸ ಶುರುವಾದದ್ದು 1875ರಲ್ಲಿ, ಭಾರತೀಯ ಹವಾಮಾನ ಇಲಾಖೆ ಹುಟ್ಟಿದಾಗ. ಅದಕ್ಕೆ ಮೊದಲು 1864ರಲ್ಲಿ ಕಲ್ಕತ್ತಾಕ್ಕೆ ಭೀಕರ ಚಂಡಮಾರುತ ಅಪ್ಪಳಿಸಿತ್ತು, 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತ್ತು. ಇಲಾಖೆ ಶುರುವಾದ ಮರುವರ್ಷವೇ ಮೈಸೂರು ಸೀಮೆಯನ್ನು ಹಿಂಡಿದ ಧಾತು ಸಂವತ್ಸರದ ಬರ ಬಂತು.

ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಲೆಕ್ಕ ಹಿಡಿದು 1886ರ ಜೂನ್ 4ರಂದು ಮೊದಲ ದೀರ್ಘಾವಧಿ ಮುನ್ಸೂಚನೆ ಕೊಟ್ಟರು. 1899ರಲ್ಲಿ ಇಲಾಖೆ ಒಳ್ಳೆ ಮಳೆ ಎಂದಿತು, ಬಂದದ್ದು ಘೋರ ಬರ. 1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಗಣಿತದ ದಾರಿ ಹಿಡಿದರು. ಒಂದು ಕಡಲಿನ ಮೇಲೆ ಗಾಳಿಯ ಒತ್ತಡ ಏರಿದರೆ ಇನ್ನೊಂದರ ಮೇಲೆ ಇಳಿಯುವುದನ್ನು, ತಕ್ಕಡಿಯ ತಟ್ಟೆಗಳಂತೆ, ಅವರು ಕಂಡುಕೊಂಡರು. ಇಂದು ಸುದ್ದಿಯಲ್ಲಿ ಕೇಳುವ ಎಲ್ ನಿನೊ ಲೆಕ್ಕಾಚಾರಕ್ಕೆ ಅದೂ ಒಂದು ಬುನಾದಿ.

ಇದೆಲ್ಲ ಮುಂಗಾರಿನ ಚಿಂತೆ. ಇಡೀ ಬೇಸಿಗೆಯ ಸೆಕೆ ಹೇಗಿರಬಹುದು ಎಂಬ ಮುನ್ನೋಟವನ್ನು ಇಲಾಖೆ ಕೊಡತೊಡಗಿದ್ದು 2016ರಿಂದ, ತೀರಾ ಈಚೆಗೆ.

ತೋಟದ ಮಳೆ ಪುಸ್ತಕ

ಮೈಸೂರು ಸಂಸ್ಥಾನ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯ ನಡೆಸುತ್ತಿತ್ತು. ನಾಲ್ಕೂ ನಮ್ಮ ಘಟ್ಟದಿಂದ ದೂರ.

ಇಲ್ಲಿ ಮಳೆಯ ಲೆಕ್ಕವನ್ನು ಬಿಡದೆ ಇಟ್ಟವರು ತೋಟದವರು. 1915ರಲ್ಲಿ ಕೊಪ್ಪದಲ್ಲಿ ಕಾಫಿ ಎಲೆರೋಗದ ಅಧ್ಯಯನಕ್ಕೆ ತಾತ್ಕಾಲಿಕ ಘಟಕ ಬಂತು. 1925ರಲ್ಲಿ ಬಾಳೆಹೊನ್ನೂರು ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ತೋಟಗಳಲ್ಲಿ ಬೆಳಿಗ್ಗೆ ಮಳೆ ಮಾಪಕದ ನೀರು ಅಳೆದು ಪುಸ್ತಕಕ್ಕೆ ಬರೆಯುವುದು ಪದ್ಧತಿಯಾಯಿತು. ಸರ್ಕಾರ ಮಿಲಿಮೀಟರಿಗೆ ಬದಲಾದರೂ ನಾವಿನ್ನೂ 'ನಿನ್ನೆ 80 ಸೆಂಟ್ಸ್' ಎನ್ನುತ್ತೇವೆ. ನೂರು ಸೆಂಟ್ಸ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ಈ ಲೆಕ್ಕ ಶೋಕಿಗಲ್ಲ. ಹೂಮಳೆ ಸುಮಾರು ಒಂದು ಇಂಚು ಬಿದ್ದರೆ ವಾರ, ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಕೆಡುತ್ತದೆ. ಹೂವಾದ ಮೇಲೆ ಬ್ಯಾಕಿಂಗ್ ಮಳೆಯೂ ಬೇಕು. ಕೆರೆ, ಮೋಟಾರು, ಸ್ಪ್ರಿಂಕ್ಲರ್ ಇದ್ದವರು ನೀರು ಹಾರಿಸಿ ಬೆಳೆ ಉಳಿಸಿಕೊಳ್ಳುತ್ತಾರೆ. ಎರಡೆಕರೆಯವರು ಆಕಾಶ ನೋಡುತ್ತಾರೆ. ನಮಗೆ ಫೋನ್ ಮಾಡಿದವರು ಈ ಎರಡನೆಯವರು.

ಗುಡ್ಡದಾಚೆ ಬಿದ್ದದ್ದೇಕೆ?

ಮುಂಗಾರಿನ ಮೋಡ ಅರಬ್ಬಿ ಸಮುದ್ರದಿಂದ ಸಾಲಾಗಿ ಬಂದು ಘಟ್ಟವನ್ನೆಲ್ಲ ತೋಯಿಸುತ್ತದೆ. ಬೇಸಿಗೆಯ ಗುಡುಗು ಮೋಡ ಹಾಗಲ್ಲ. ಹಗಲಿಡೀ ಕಾದ ನೆಲದ ಬಿಸಿಗಾಳಿ ತೇವವನ್ನು ಹೊತ್ತು ಮೇಲೇರಿ, ಮಧ್ಯಾಹ್ನದ ಮೇಲೆ ಗೋಪುರದಂತೆ ಕಟ್ಟಿಕೊಳ್ಳುತ್ತದೆ. ಅದರ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಒಂದು ಗಂಟೆಯ ಆಸುಪಾಸು. ಮಳೆಗೆ ಮೊದಲು ಮೈ ಬೆವತು ಅಂಟುವುದು ಗಾಳಿಯಲ್ಲಿ ತೇವ ತುಂಬಿದ್ದರಿಂದ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹಾಗಾಗಿ ಥರ್ಮಾಮೀಟರ್ 34 ಡಿಗ್ರಿ ತೋರಿಸಿದರೂ ತೋಟದ ಕೆಲಸದವರಿಗೆ ಅದಕ್ಕಿಂತ ಹೆಚ್ಚಿನ ಸಂಕಟ.

ಇಷ್ಟು ಸಣ್ಣ ಮೋಡ ಯಾರ ಅಂಗಳದ ಮೇಲೆ ಕರಗುತ್ತದೆ ಎಂದು ಮೂರು ದಿನ ಮೊದಲೇ ಹೇಳಲು ಯಾರಿಂದಲೂ ಆಗದು.

ಯಾವ ಸೂಚನೆ ಯಾವುದಕ್ಕೆ?

ಋತುವಿನ ಮುನ್ನೋಟ ಹೇಳುವುದು ಒಟ್ಟು ಒಲವನ್ನು ಮಾತ್ರ. 'ಸಾಮಾನ್ಯಕ್ಕಿಂತ ಹೆಚ್ಚು ಸೆಕೆ' ಎಂದರೆ ಮೂವತ್ತು ವರ್ಷದ ಸರಾಸರಿಗಿಂತ ಹೆಚ್ಚಿರುವ ಸಾಧ್ಯತೆ. ಹಳ್ಳದ ನೀರು ಎಲ್ಲಿವರೆಗೆ ಬಂದೀತು, ಅಡಿಕೆ ಬುಡಕ್ಕೆ ಮುಚ್ಚಿಗೆ ಹಾಕಬೇಕೇ ಎಂದು ಯೋಚಿಸಲು ಅದು ಸಾಕು.

ನಾಲ್ಕೈದು ದಿನದ ಮುನ್ಸೂಚನೆ ಕಣದಲ್ಲಿ ಹರಡಿದ ಕಾಫಿಗೆ, ಗೊಬ್ಬರ ಹಾಕುವ ದಿನಕ್ಕೆ.

ಮೂರು ಗಂಟೆಯೊಳಗಿನ ಎಚ್ಚರಿಕೆ ಜೀವಕ್ಕೆ. ಪುಣೆಯ ಸಂಸ್ಥೆಯ 'ದಾಮಿನಿ' ಮತ್ತು ನಮ್ಮ ರಾಜ್ಯದ 'ಸಿಡಿಲು' ಆ್ಯಪ್‌ಗಳು ಹತ್ತಿರದ ಸಿಡಿಲನ್ನು ತಿಳಿಸುತ್ತವೆ. ನೆಟ್‌ವರ್ಕ್ ಇಲ್ಲದಿದ್ದರೆ ಎಣಿಸಿ: ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮರದಡಿ ನಿಲ್ಲದೆ ಮನೆ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ದೋಟಿ ಹಿಡಿದವರು, ಮರದ ಮೇಲಿರುವವರು ಮೊದಲ ಗುಡುಗಿಗೇ ಕೆಲಸ ನಿಲ್ಲಿಸಬೇಕು.

ಪುಸ್ತಕ ಬಿಸಾಡಬೇಡಿ

1988ರಲ್ಲಿ ಬರ ಗಮನಿಸಲು ಶುರುವಾದ ರಾಜ್ಯದ ಘಟಕ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದರ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ. 'ವರುಣ ಮಿತ್ರ' ಸಹಾಯವಾಣಿಯಲ್ಲಿ ರೈತರು ಹವಾಮಾನ ಕೇಳಬಹುದು. ಆದರೂ ಪಂಚಾಯಿತಿಗೊಂದು ಮಾಪಕವಿದ್ದರೆ ಗುಡ್ಡದ ಎರಡು ಬದಿಯ ಕಥೆ ಅದರಲ್ಲಿ ಸಿಗುವುದಿಲ್ಲ. ಅದು ಸಿಗುವುದು ನಿಮ್ಮ ಮನೆಯ ಮಳೆ ಪುಸ್ತಕದಲ್ಲಿ.

ನಮಗೆ ಫೋನ್ ಮಾಡಿದವರ ಮನೆಗೆ ಆಮೇಲೆ ಹೋಗಿದ್ದೆವು. ತಂದೆಯ ಕಾಲದ ಪುಸ್ತಕ ತೆಗೆದು ತೋರಿಸಿದರು. ಅಂಚು ಗೆದ್ದಲು ತಿಂದಿತ್ತು, ಶಾಯಿ ಮಾತ್ರ ಮಾಸಿರಲಿಲ್ಲ. ಅಂಥದ್ದು ನಿಮ್ಮ ಅಟ್ಟದಲ್ಲೂ ಇದ್ದರೆ ರದ್ದಿಗೆ ಹಾಕಬೇಡಿ. ಪುಟ ಪುಟದ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಈ ಅಶ್ವಿನಿ ಮಳೆಯಿಂದಲೇ ಹೊಸ ಪುಸ್ತಕ ಶುರುಮಾಡಿ. ಇನ್ನು ಮುಂದೆ ನಾವೂ 'ಜಿಲ್ಲೆಯಲ್ಲಿ ಉತ್ತಮ ಮಳೆ' ಎಂದಷ್ಟೇ ಬರೆಯುವುದಿಲ್ಲ. ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಕೇಳಿಯೇ ಬರೆಯುತ್ತೇವೆ.