ಒಣಗಿದ ಹೂಗಳ ದಫ್ತರ

ಬೆಂಗಳೂರಿನ ಗಿಡಮರಗಳ ಮಾತು ಬಂದರೆ ನಾವೆಲ್ಲ ನೇರವಾಗಿ ಲಾಲ್‌ಬಾಗ್‌ಗೆ ಹೋಗಿಬಿಡುತ್ತೇವೆ. 1760ರಲ್ಲಿ ಹೈದರಾಲಿ ಹಾಕಿದ ತೋಟ, ದೂರದೇಶಗಳಿಂದ ಟಿಪ್ಪು ತರಿಸಿದ ಸಸಿಗಳು, ಆಮೇಲೆ ಬಂದ ಇಂಗ್ಲಿಷರು, ಗಾಜಿನ ಮನೆ. ಈ ಕಥೆಯನ್ನು ಹೇಳುವವರೂ ಇದ್ದಾರೆ, ಕೇಳುವವರೂ ಇದ್ದಾರೆ. ಆದರೆ ಇದೇ ಊರಿನ ದಂಡುಪ್ರದೇಶದಲ್ಲಿ ಇನ್ನೊಂದು ತೋಟ ಬೆಳೆಯಿತು. ಅದಕ್ಕೆ ನೀರು ಬೇಕಿರಲಿಲ್ಲ. ನೀರು ಸೋಕಿದರೆ ಅದು ಕೆಡುತ್ತಿತ್ತು. ಒಣಗಿದ ಗಿಡಗಳ ಆ ತೋಟವನ್ನು ಕಟ್ಟಿದವರು ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು, ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ.

1926ರಲ್ಲಿ ಹುಟ್ಟಿದ ಸಲ್ಡಾನ್ಹಾ ಗಿಡಗಳನ್ನು ಗುರುತಿಸುವ ವಿದ್ಯೆ ಕಲಿತದ್ದು ಮುಂಬಯಿಯಲ್ಲಿ, ಸ್ಪೇನ್ ಮೂಲದ ಪಾದ್ರಿ ಸಾಂತಾಪೌ ಅವರ ಗರಡಿಯಲ್ಲಿ. ಸ್ಕ್ರೊಫುಲೇರಿಯೇಸಿ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಕುಟುಂಬವೇ ಅವರ ಮೊದಲ ಪ್ರೀತಿ. ಬಹುಪಾಲು ಗದ್ದೆಯ ಬದುವಿನಲ್ಲಿ, ಜೌಗು ನೆಲದಲ್ಲಿ ಬೆಳೆಯುವ ಪುಟ್ಟ ಗಿಡಗಳು. ನಾವು ನೀವು ತುಳಿದುಕೊಂಡೇ ಹೋಗುವಂಥವು.

ಅವರ ದೊಡ್ಡ ಕೆಲಸ ನಡೆದದ್ದು ಹಾಸನ ಜಿಲ್ಲೆಯಲ್ಲಿ. ಇದರ ಹಿಂದೆ ಒಂದು ಸ್ವಾರಸ್ಯವಿದೆ. ನಮ್ಮ ವಯಸ್ಸಿನವರ ತಂದೆತಾಯಿಗಳಿಗೆ ಪಿ.ಎಲ್. 480 ಗೋಧಿ ನೆನಪಿರುತ್ತದೆ. ಅಮೆರಿಕದಿಂದ ಬಂದ ಆ ಧಾನ್ಯಕ್ಕೆ ಭಾರತ ರೂಪಾಯಿಯಲ್ಲೇ ಹಣ ಕಟ್ಟಿತು. ಆ ರೂಪಾಯಿಯನ್ನು ಅಮೆರಿಕ ಇಲ್ಲೇ ಖರ್ಚು ಮಾಡಬೇಕಿತ್ತು. ಅದರಲ್ಲೊಂದು ಪಾಲು ಸ್ಮಿತ್‌ಸೋನಿಯನ್ ಸಂಸ್ಥೆಯ ಮೂಲಕ ವಿದ್ವತ್ತಿನ ಕೆಲಸಗಳಿಗೆ ಹೋಯಿತು. ಹಾಸನದ ಗಿಡಗಳಿಗೂ ಬಂತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಹಾಸನವೇ ಏಕೆ? ಪಶ್ಚಿಮಕ್ಕೆ ಸಕಲೇಶಪುರ, ಬಿಸಿಲೆಯ ಮಳೆಕಾಡು. ಪೂರ್ವಕ್ಕೆ ಅರಸೀಕೆರೆಯ ಒಣನೆಲ. ಒಂದೇ ಜಿಲ್ಲೆಯಲ್ಲಿ ಮಲೆನಾಡಿನಿಂದ ಬಯಲುಸೀಮೆಯವರೆಗೆ ನಡೆದುಬಿಡಬಹುದು. ಸಲ್ಡಾನ್ಹಾ ಮತ್ತವರ ಜೊತೆಗಾರರು ಹಾಗೆಯೇ ನಡೆದರು.

ಕೆಲಸದ ಬಗೆ ಸರಳ, ತಾಳ್ಮೆ ಮಾತ್ರ ಅಪಾರ ಬೇಕು. ಹೂವೋ ಕಾಯೋ ಇರುವ ರೆಂಬೆಯನ್ನು ಕತ್ತರಿಸಿ, ಹಳೆ ಪತ್ರಿಕೆಗಳ ನಡುವೆ ಹರಡಿ, ಮರದ ಚೌಕಟ್ಟಿಗೆ ಬಿಗಿಯಾಗಿ ಕಟ್ಟಬೇಕು. ದಿನವೂ ಕಾಗದ ಬದಲಿಸಬೇಕು. ಮಳೆಗಾಲದ ಘಟ್ಟದಲ್ಲಿ ಒದ್ದೆ ಕಾಗದ ಒಣಗಿಸುವುದೇ ಒಂದು ಹೋರಾಟ. ಗಿಡ ಒಣಗಿದ ಮೇಲೆ ಹುಳು ಹಿಡಿಯದಂತೆ ವಿಷ ಹಾಕಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚಬೇಕು: ಹೆಸರು, ಜಾಗ, ತಾರೀಖು, ಸಂಗ್ರಹಿಸಿದವರು, ಸಂಖ್ಯೆ. ಹಾಸನದ ಹಾಳೆಗಳಿಗೆ ಎಚ್.ಎಫ್.ಪಿ. ಎಂಬ ಗುರುತು. ಆ ಒಣಗಿಸುವ ಕಾಗದಗಳಲ್ಲಿ ಶಿವಾಜಿನಗರದ ಯಾವುದಾದರೂ ಉರ್ದು ಪತ್ರಿಕೆಯ ಹಾಳೆಯೂ ಇತ್ತೇ ಎಂಬುದು ಕಥೆ ಬರೆಯುವ ನನ್ನಂಥವನ ಹುಚ್ಚು ಕುತೂಹಲ.

ಇಂಥ ಚೀಟಿಗಳ ಬಗ್ಗೆ ನನ್ನದೊಂದು ತಕರಾರೂ ಇದೆ. ದಾರಿ ತೋರಿಸಿದ ಕಾಡಿನವನು, ಮರ ಹತ್ತಿ ರೆಂಬೆ ಇಳಿಸಿದ ಹುಡುಗ ಸಾಮಾನ್ಯವಾಗಿ ಅವುಗಳಲ್ಲಿ ಕಾಣುವುದಿಲ್ಲ. ಲಾಲ್‌ಬಾಗಿನ ಮಾಲಿಗಳಿಗೂ ಆದದ್ದು ಅದೇ. ಇದು ಸಲ್ಡಾನ್ಹಾ ಒಬ್ಬರ ತಪ್ಪಲ್ಲ, ಆ ಶಾಸ್ತ್ರದ ರೂಢಿಯೇ ಹಾಗೆ.

ಸ್ಮಿತ್‌ಸೋನಿಯನ್ನಿನ ಡ್ಯಾನ್ ನಿಕಲ್ಸನ್ ಜೊತೆಗೂಡಿ ಅವರು ತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂತು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಸಕಲೇಶಪುರದ ಘಟ್ಟ ಸೀಳಿಕೊಂಡು ಮಂಗಳೂರಿಗೆ ರೈಲು ಹಾದಿ ತೆರೆದದ್ದೂ ಅದೇ ವರ್ಷ. ಹೊಲ, ಹಳ್ಳಿ ಕಳೆದುಕೊಂಡವರ ಲೆಕ್ಕ ಸರ್ಕಾರಿ ಕಡತಗಳಲ್ಲಿದೆ, ಪರಿಹಾರದ ಜಗಳಗಳೂ ಅಲ್ಲಿವೆ. ಹುಲ್ಲು, ಬಳ್ಳಿಗಳಿಗೆ ಅರ್ಜಿ ಹಾಕಲು ಬರುವುದಿಲ್ಲ. ಅವು ಯಾವ ಊರಿನಲ್ಲಿ, ಯಾವ ದಿನ ಇದ್ದವು ಎಂಬುದಕ್ಕೆ ಈ ಹಾಳೆಗಳೇ ದಸ್ತಾವೇಜು.

ಇದನ್ನು ಅವರು ಅರಿತಿದ್ದರೆಂದು ಕಾಣುತ್ತದೆ. ಎಂಬತ್ತರ ದಶಕದಲ್ಲಿ ಅವರು ಕರ್ನಾಟಕದ ಪರಿಸರ ಸ್ಥಿತಿಗತಿಯ ವರದಿಗಳನ್ನು ಸಂಪಾದಿಸಿದರು. 1989ರಲ್ಲಿ ಅಂಡಮಾನ್, ನಿಕೋಬಾರ್, ಲಕ್ಷದ್ವೀಪಗಳ ಬಗ್ಗೆಯೂ ಪುಸ್ತಕ ತಂದರು.

ಇಡೀ ಕರ್ನಾಟಕದ ಗಿಡಗಳನ್ನು ಬರೆದಿಡುವ ಆಸೆ ಮಾತ್ರ ಪೂರ್ತಿಯಾಗಲಿಲ್ಲ. ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. ಸಂಪಿಗೆಯ ಕುಟುಂಬದಿಂದ ಆರಂಭವಾದ ಪಟ್ಟಿ ಕೊತ್ತಂಬರಿಯ ಕುಟುಂಬಕ್ಕೆ ಬಂದು ನಿಂತಿತು. 2002ರಲ್ಲಿ ಸಲ್ಡಾನ್ಹಾ ತೀರಿಕೊಂಡರು. ಎಕ್ಕ, ತುಂಬೆ, ಕಾಫಿ, ಸೇವಂತಿಗೆ, ರಾಗಿ, ಭತ್ತ, ತೆಂಗು, ಬಿದಿರು ಎಲ್ಲವೂ ಆ ಎರಡು ಸಂಪುಟಗಳ ಹೊರಗೇ ಉಳಿದವು. ರಸೆಲ್ ಮಾರ್ಕೆಟ್ಟಿನ ಹೂವಿನವರು ಮೊಳ ಹಾಕಿ ಕೊಡುವ ಮಲ್ಲಿಗೆಯೂ ಇಲ್ಲ. ಅವರು ಯೌವನದಲ್ಲಿ ಆರಿಸಿಕೊಂಡಿದ್ದ ಆ ಪುಟ್ಟ ಗಿಡಗಳ ಬಳಗದ ಸರದಿಯೂ ಬರಲಿಲ್ಲ.

ಹಾಳೆಗಳು ಉಳಿದಿವೆ. ಕಾಲೇಜಿನ ಆ ಸಂಗ್ರಹ ಈಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಜಗತ್ತಿನ ಸಸ್ಯಶಾಸ್ತ್ರಜ್ಞರು ಅದನ್ನು ಗುರುತಿಸುವ ಸಂಕೇತ ಮಾತ್ರ ಹಳೆಯದೇ, ಜೆ.ಸಿ.ಬಿ.: ಜೋಸೆಫ್ಸ್ ಕಾಲೇಜು, ಬೆಂಗಳೂರು. ಈ ಮೂರಕ್ಷರ ಕೇಳಿದರೆ ನಮ್ಮ ಕಣ್ಣಿಗೆ ಬರುವುದು ಮಣ್ಣು ಅಗೆಯುವ ಹಳದಿ ಯಂತ್ರ.