ಅಜ್ಜನ ಹೊಲ ಬೀಳು ಬಿದ್ದ ಕತೆ

ನಮ್ಮ ಕಡೆಯ ಯಾವ ಊರಿನ ದಾರಿ ಹಿಡಿದರೂ ಒಂದೆರಡು ಬೀಳು ಹೊಲ ಕಣ್ಣಿಗೆ ಬೀಳುತ್ತವೆ. ಬದುವಿನ ಆಚೆ ರಾಗಿಯೋ ಜೋಳವೋ ತೆನೆ ತೂಗುತ್ತಿರುತ್ತದೆ. ಈಚೆ ಜಾಲಿ, ಲಂಟಾನ, ಪಾರ್ಥೇನಿಯಂ. ಯಾರದು ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಅವರ ಅಜ್ಜಂದು. ಮಕ್ಕಳು ಬೆಂಗಳೂರಲ್ಲಿದ್ದಾರೆ. ಮಾರೋದೂ ಇಲ್ಲ, ಉಳೋದೂ ಇಲ್ಲ."

ಊರಿನವರು ಇದನ್ನು ಸೋಮಾರಿತನ ಎನ್ನುತ್ತಾರೆ. ಪೇಟೆ ಸೇರಿದವರ ಸೊಕ್ಕು ಎನ್ನುವವರೂ ಇದ್ದಾರೆ. ಭೂಮಿಯ ಕಾನೂನು ಬದಲಾದ ದಾರಿಯನ್ನು ನೋಡಿದರೆ ಬೇರೆ ಮಾತು ಹೇಳಬೇಕಾಗುತ್ತದೆ. ಬಹಳ ಕಡೆ ಹೊಲ ಬೀಳು ಬೀಳುವ ಮುಂಚೆಯೇ ಅದರ ಕಾಗದ ಬೀಳು ಬಿದ್ದಿರುತ್ತದೆ. ಹಿರಿಯರಿಂದ ಬಂದ ಜಮೀನನ್ನು ಏನು ಮಾಡೋಣ ಎಂಬ ಚರ್ಚೆ ನಿಮ್ಮ ಮನೆಯಲ್ಲೂ ನಡೆಯುತ್ತಿದ್ದರೆ, ಈ ಇತಿಹಾಸ ಕೆಲಸಕ್ಕೆ ಬರುತ್ತದೆ.

ಹೊಲಕ್ಕೂ ರಾಜೀನಾಮೆ ಇತ್ತು

ರಾಜೀನಾಮೆ ಎಂದರೆ ಈಗ ನೌಕರಿ ಬಿಡುವ ಕಾಗದ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆಯ ರೈತ ಹೊಲ ಬಿಡುವಾಗ ಕೊಡುತ್ತಿದ್ದುದೂ ಅದೇ ಹೆಸರಿನ ಕಾಗದ. 1830ರ ದಶಕದಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಶುರುಮಾಡಿದ ಅಳತೆಯ ಪದ್ಧತಿ ಆಮೇಲೆ ಉತ್ತರ ಕರ್ನಾಟಕಕ್ಕೆ ಬಂತು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಅಳತೆ ನಡೆಯಿತು. ಸರ್ವೆ ನಂಬರು, ಬಾಂದುಕಲ್ಲು, 33 ಅಡಿ ಉದ್ದ 33 ಅಡಿ ಅಗಲದ ಗುಂಟೆ, 40 ಗುಂಟೆಗೆ ಒಂದು ಎಕರೆ, ಇವೆಲ್ಲ ಆ ಅಳತೆ ಬಿಟ್ಟುಹೋದ ಮಾತುಗಳು.

ಆಗ ಕಂದಾಯ ನಿಜವಾಗಿ ಭಾರವಾಗಿತ್ತು. ಬಿತ್ತಿದರೂ ಬಿಟ್ಟರೂ ಹೆಸರಿದ್ದವನು ನಗದಾಗಿ ಕಟ್ಟಬೇಕು. ಕಟ್ಟದಿದ್ದರೆ ಹೊಲ ಸರ್ಕಾರದ ಪಾಲು. 1876ರಿಂದ 78ರವರೆಗಿನ ಧಾತು ಬರದಲ್ಲಿ ಉಳುವ ಕೈಗಳೇ ಉಳಿಯಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಅಂದು ಹೊಲವನ್ನು ಸುಮ್ಮನೆ ಇಟ್ಟುಕೊಳ್ಳುವುದು ದುಬಾರಿ. ಇಂದು ಒಣಭೂಮಿಯ ಕಂದಾಯ ಎಕರೆಗೆ ಕೆಲವೇ ರೂಪಾಯಿ. ಬೀಳು ಬಿಟ್ಟರೆ ಕೈಯಿಂದ ಏನೂ ಹೋಗುವುದಿಲ್ಲ ಎನ್ನಿಸುತ್ತದೆ. ಹೀಗಾಗಿ ನಿರ್ಧಾರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ.

1974 ಬಿಟ್ಟುಹೋದ ಭಯ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಜಗಳಕ್ಕೆ ಬೆಂಕಿ ಹಚ್ಚಿತ್ತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಮೇಲೆ 1961ರ ಭೂಸುಧಾರಣೆ ಕಾಯ್ದೆ ಬಂತು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಒಡೆತನ ಪಡೆಯಬಹುದಾಯಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಹೊಸದಾಗಿ ಗೇಣಿಗೆ ಕೊಡುವುದೇ ನಿಷೇಧವಾಯಿತು.

ತಲೆತಲಾಂತರ ಬೇರೆಯವರ ಗದ್ದೆ ಉತ್ತ ಮನೆಗಳು ಆ ಕಾನೂನಿನಿಂದ ಭೂಮಿ ಕಂಡವು. ಆ ಋಣವನ್ನು ಮರೆಯುವಂತಿಲ್ಲ. ಅದರ ಜೊತೆಗೇ ಇನ್ನೊಂದು ಭಯವೂ ಹುಟ್ಟಿತು. ಹೊಲವನ್ನು ಪಕ್ಕದವನಿಗೆ ಉಳಲು ಕೊಟ್ಟರೆ, ಪಹಣಿಯ 12ನೇ ಕಲಮಿನಲ್ಲಿ ಸಾಗುವಳಿದಾರ ಎಂದು ಅವನ ಹೆಸರು ಕೂತುಬಿಟ್ಟರೆ? ನಮೂನೆ 7 ಹಾಕುವ ಕೊನೆಯ ದಿನ 1979ರ ಜೂನ್ 30ಕ್ಕೇ ಮುಗಿದಿದೆ. ಭಯ ಮಾತ್ರ ಅಪ್ಪನಿಂದ ಮಗನಿಗೆ ಬಂದಿದೆ.

ಹಾಗೆಂದು ಗೇಣಿ ನಿಂತಿದೆಯೇ? ವಾರ, ಕೋರು, ಲಾವಣಿ ಎಂಬ ಹೆಸರುಗಳಲ್ಲಿ ಬಾಯಿಮಾತಿನಲ್ಲೇ ನಡೆಯುತ್ತಿದೆ. ಬೆಳೆ ಹೋದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಬಿತ್ತಿ ಕೈ ಸುಟ್ಟುಕೊಂಡವನಿಗೆ ಬ್ಯಾಂಕಿನಲ್ಲಿ ತೋರಿಸಲು ಒಂದು ಚೀಟಿಯೂ ಇಲ್ಲ.

ಸತ್ತವರ ಹೆಸರು, ಹೆಣ್ಣುಮಕ್ಕಳ ಪಾಲು

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ದೊಡ್ಡ ಕೆಲಸವೇ. ಆದರೆ ಪುಸ್ತಕದಲ್ಲಿ ಇದ್ದ ಹೆಸರೇ ಕಂಪ್ಯೂಟರಿಗೂ ಹೋಯಿತು. ಅಜ್ಜ ತೀರಿದ ಮೇಲೆ ಯಾರೂ ಪೌತಿ ಖಾತೆ ಮಾಡಿಸದಿದ್ದರೆ ಅಜ್ಜನೇ ಇವತ್ತಿಗೂ ಒಡೆಯ. ಆ ಹೊಲದ ಮೇಲೆ ಸಾಲ ಹುಟ್ಟುವುದಿಲ್ಲ, ಮಾರಾಟವೂ ಆಗುವುದಿಲ್ಲ. ತಲೆಮಾರು ಇಳಿದಂತೆ ಹಕ್ಕುದಾರರು ಮೂವರಿಂದ ಹದಿಮೂರಾಗುತ್ತಾರೆ. ಎಲ್ಲರನ್ನೂ ಒಂದು ಕಡೆ ಸೇರಿಸುವುದೇ ಒಂದು ಜಾತ್ರೆ.

ಆ ಜಾತ್ರೆಗೆ ಹೆಣ್ಣುಮಕ್ಕಳನ್ನು ಕರೆಯಲೇಬೇಕು. ಹಿಂದೂ ಮನೆತನಗಳ ಮಟ್ಟಿಗೆ ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಆಸ್ತಿ ಹಕ್ಕಿನ ಕಾನೂನು ಮಾಡಿತ್ತು. 1994ರಲ್ಲಿ ಕರ್ನಾಟಕ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲು ಮುಗಿದಿದ್ದರೆ ಅದು ಹಾಗೇ ನಿಲ್ಲುತ್ತದೆ.

"ಅವಳಿಗೆ ಮದುವೇಲಿ ಕೊಟ್ಟಾಯ್ತಲ್ಲ" ಎಂಬ ಮಾತು ಕಟ್ಟೆಯ ಮೇಲೆ ನಡೆಯಬಹುದು. ಕಾನೂನಿನ ಮುಂದೆ ನಡೆಯುವುದಿಲ್ಲ. ಅಕ್ಕತಂಗಿಯರನ್ನು ಬಿಟ್ಟು ಮಾಡಿದ ಮಾರಾಟ ನಾಳೆ ಕೋರ್ಟಿಗೆ ಹೋದರೆ, ಮಾರಿದವರೂ ಕೊಂಡವರೂ ಅಲೆಯಬೇಕು. ಅಷ್ಟೂ ವರ್ಷ ಹೊಲ ಬೀಳು.

ಪಾವಗಡ ಕಲಿಸಿದ್ದು

2020ರಲ್ಲಿ ಇನ್ನೊಂದು ಬದಲಾವಣೆ ಬಂತು. ಭೂಸುಧಾರಣೆ ಕಾಯ್ದೆಯ 79ಎ, 79ಬಿ, 79ಸಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ಬಾಗಿಲು ತೆರೆಯಿತು. ಅಂದಿನಿಂದ ಬೀಳು ಹೊಲದ ವಾರಸುದಾರನ ಫೋನಿಗೆ ದಲ್ಲಾಳಿಯ ಕರೆ ಬರುವುದು ಇನ್ನಷ್ಟು ಸುಲಭವಾಗಿದೆ.

ಅದಕ್ಕೂ ಮೊದಲು ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬೇರೆ ದಾರಿಯೊಂದು ಕಂಡಿತ್ತು. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆಯನ್ನು ಮಾರದೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರ ಬಂದರೂ ಹಣ ಬರುತ್ತದೆ, ಒಡೆತನ ಕೈಯಲ್ಲೇ ಉಳಿಯುತ್ತದೆ. ಅದರೆ ಹೆಸರಿದ್ದವರಿಗಷ್ಟೇ ಬಾಡಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಬೇಲಿ ಬಂತು.

ಪಕ್ಕದ ಮನೆಯವನಿಗೆ ಒಂದು ವರ್ಷ ಉಳಲು ಕೊಡಲು ಹೆದರುವ ನಾವು, ಸೋಲಾರ್‌ಗೆ ದಶಕಗಳ ಮಟ್ಟಿಗೆ ಕೊಡಲು ಹೆದರುವುದಿಲ್ಲ. ಅಲ್ಲಿ ಬರಹದ ಕರಾರಿದೆ, ಇಲ್ಲಿ ಇಲ್ಲ. ಇಷ್ಟೇ ವ್ಯತ್ಯಾಸ.

ಹಾಗಾದರೆ ಏನು ಮಾಡುವುದು?

ಮಾರಬೇಕೋ, ಉಳಬೇಕೋ, ಗಿಡ ನೆಡಬೇಕೋ ಎಂಬುದು ನಿಮ್ಮ ಮನೆಯ ಮಾತು. ನಾವು ಹೇಳುವುದು ಅದಕ್ಕಿಂತ ಮುಂಚಿನ ಕೆಲಸ.

ಮೊದಲು ಪಹಣಿ ತೆಗೆಸಿ 9ನೇ ಕಲಂ ನೋಡಿ. ಅಲ್ಲಿ ತೀರಿಕೊಂಡವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾರುವಂತಿಲ್ಲ. ಕೊಳ್ಳುವವರೂ ಇದನ್ನು ನೋಡಬೇಕು. ಅಳತೆ ಮಾಡಿಸಿ, ಬಾಂದುಕಲ್ಲು ಇದೆಯೇ ನೋಡಿ. ಬೇರೆಯವರು ತನ್ನದೇ ಎಂದು 12 ವರ್ಷ ಬಹಿರಂಗವಾಗಿ ಅನುಭವಿಸಿದರೆ, ಬಿಡಿಸಿಕೊಳ್ಳುವ ನಿಮ್ಮ ಹಕ್ಕೇ ಕೈತಪ್ಪಬಹುದು.

ಇಷ್ಟಾದ ಮೇಲೆ ಎಲ್ಲ ಪಾಲುದಾರರೂ ಕೂತು ಮಾತಾಡಲಿ. ಅಷ್ಟರಲ್ಲಿ ಹಿರಿಯರೊಬ್ಬರು ಬದುಕಿದ್ದರೆ ಅವರನ್ನು ಹೊಲಕ್ಕೆ ಕರೆದೊಯ್ದು ಬದು ಎಲ್ಲಿತ್ತು, ಬಾವಿ ಯಾರದು, ಗಾಡಿದಾರಿ ಎಲ್ಲಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದು ಯಾವ ಪಹಣಿಯಲ್ಲೂ ಸಿಗುವುದಿಲ್ಲ.